ಬಿಚ್ಚಲು ಬರುವ ದೋಣಿ

1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ ಹಾಯಿದೋಣಿಯೊಂದು ಅಟ್ಲಾಂಟಿಕ್ ಸಾಗರದಲ್ಲಿ ನೀರು ಕುಡಿಯತೊಡಗಿತು. ಮೂವತ್ತೆರಡು ಅಡಿಯ ದೋಣಿ, ಒಬ್ಬನೇ ನಾವಿಕ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬರಬೇಕೆಂಬ ಸ್ಪರ್ಧೆ. ಎಷ್ಟು ಪಂಪು ಹೊಡೆದರೂ ನೀರು ಮತ್ತೆ ತುಂಬುತ್ತಿದ್ದಾಗ ರಾಬಿನ್ ನಾಕ್ಸ್-ಜಾನ್‌ಸ್ಟನ್ ಸಮುದ್ರಕ್ಕಿಳಿದು ದೋಣಿಯ ತಳವನ್ನು ನೋಡಿದರು. ಹಲಗೆಗಳು ಕೂಡುವ ಗೆರೆಯಲ್ಲಿ ಉದ್ದಕ್ಕೆ ಸಂದಿ ಬಿಟ್ಟಿತ್ತು. ದೋಣಿ ಹೊಯ್ದಾಡಿದಂತೆಲ್ಲ ಅದು ತೆರೆದು ಮುಚ್ಚುತ್ತಿತ್ತು.

ಸಂದಿಗೆ ಹತ್ತಿಯ ಎಳೆ ತುರುಕಿ ಬಡಿಯುವುದು ದಡದಲ್ಲಾದರೆ ದೋಣಿ ಬಡಗಿಗೆ ನಿತ್ಯದ ಕೆಲಸ. ನೀರಿನಡಿ ಉಸಿರು ಬಿಗಿಹಿಡಿದು ಬಡಿದರೆ, ಉಸಿರು ತೆಗೆದುಕೊಳ್ಳಲು ಮೇಲೆ ಬರುವಷ್ಟರಲ್ಲಿ ಹತ್ತಿ ಹೊರಗೆ ತೇಲುತ್ತಿತ್ತು. ಕೊನೆಗೆ ಅವರು ಕ್ಯಾನ್ವಾಸಿನ ಉದ್ದ ಪಟ್ಟಿಗೆ ಹತ್ತಿಯನ್ನು ಹೊಲಿದು, ಟಾರು ಸವರಿ, ಅದನ್ನು ಇಡಿಯಾಗಿ ಸಂದಿಯ ಮೇಲಿಟ್ಟು ಮೊಳೆ ಹೊಡೆದರು. ಅದು ಕಿತ್ತುಬರದಿರಲೆಂದು ಮೇಲೊಂದು ತಾಮ್ರದ ತಗಡಿನ ಪಟ್ಟಿ. ಆ ತಗಡು ರೇಡಿಯೋ ಜೋಡಿಸಲು ಬಂದಿದ್ದವರು ದೋಣಿಯಲ್ಲೇ ಬಿಟ್ಟುಹೋಗಿದ್ದ ತುಂಡು. ನಡುವೆ ಶಾರ್ಕ್ ಒಂದು ಸುತ್ತು ಹಾಕತೊಡಗಿತು. ಮೇಲೆ ಹತ್ತಿ ಅದನ್ನು ಗುಂಡಿಕ್ಕಿ ಕೊಂದು, ಮತ್ತೆ ಇಳಿದು ಮೊಳೆ ಹೊಡೆದರು.

ಸುಹೈಲಿ ಎಂಬ ಆ ದೋಣಿ ಹುಟ್ಟಿದ್ದು ನಮ್ಮ ಮುಂಬೈಯ ಕೊಲಾಬಾದಲ್ಲಿ. ನಾಕ್ಸ್-ಜಾನ್‌ಸ್ಟನ್ ಆಗ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿ. ಅಮೆರಿಕದ ವಿಲಿಯಂ ಆಟ್‌ಕಿನ್ ಬರೆದ ‘ಎರಿಕ್’ ಎಂಬ ಹಳೆಯ ನಕ್ಷೆ ಹಿಡಿದು, 1963ರಲ್ಲಿ ಕೊಲಾಬಾದ ಬಡಗಿಗಳ ಕೈಯಲ್ಲಿ ಕೆಲಸ ಶುರುಮಾಡಿಸಿದರು. ಮರ ತೇಗ. ಉಪಕರಣಗಳೆಂದರೆ ಬಾಚಿ, ಕೈಗರಗಸ, ಬಿಲ್ಲಿನಂತೆ ಹಗ್ಗ ಎಳೆದು ತಿರುಗಿಸುವ ಬೈರಿಗೆ. 1964ರ ಡಿಸೆಂಬರಿನಲ್ಲಿ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ನಾಲ್ಕು ವರ್ಷದ ಬಳಿಕ ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದ್ದು ಈ ಒಂದೇ ದೋಣಿ. 312 ದಿನ ಹಿಡಿಯಿತು. ಒಬ್ಬಂಟಿಯಾಗಿ, ತಡೆಯಿಲ್ಲದೆ ಭೂಮಿ ಸುತ್ತಿದ ಮೊದಲ ಮನುಷ್ಯ ಏರಿದ್ದು ಕೊಲಾಬಾದ ತೇಗದ ಮೇಲೆ ಎಂಬುದು ಮುಂಬೈಗೇ ಅಷ್ಟಾಗಿ ಗೊತ್ತಿಲ್ಲ.

ಆ ಯಾನದಲ್ಲಿ ಕೆಡದೆ ಉಳಿದದ್ದು ಏನು ಎಂದು ಪಟ್ಟಿ ಮಾಡುವುದೇ ಸುಲಭ. ತಾನಾಗಿ ದಿಕ್ಕು ಹಿಡಿಯುವ ಸಾಧನ ಮುರಿಯಿತು, ರೇಡಿಯೋ ಮೂಕವಾಯಿತು, ಕುಡಿಯುವ ನೀರಿನ ಟ್ಯಾಂಕು ಹಾಳಾಯಿತು, ದಕ್ಷಿಣ ಸಾಗರದ ಅಲೆಯೊಂದು ಕ್ಯಾಬಿನ್ನನ್ನೇ ಜರುಗಿಸಿತು. ಬ್ಯಾಟರಿ ಚಾರ್ಜ್ ಮಾಡುವ ಎಂಜಿನ್ನಿನ ಮ್ಯಾಗ್ನೆಟೋ ಕೆಟ್ಟಾಗ ಅದರ ಅಂತರವನ್ನು ಅಳೆಯಲು ಫೀಲರ್ ಗೇಜ್ ಇರಲಿಲ್ಲ. ಪುಸ್ತಕದ ಇನ್ನೂರು ಹಾಳೆ ಸೇರಿದರೆ ಒಂದಿಂಚು ಎಂದು ಎಣಿಸಿ, ಒಂದು ಹಾಳೆಗೆ ಇಂಚಿನ ಸಾವಿರದಲ್ಲಿ ಐದು ಭಾಗ ಎಂಬ ಲೆಕ್ಕ ಹಾಕಿ, ಹಾಳೆಗಳನ್ನೇ ಗೇಜ್ ಮಾಡಿಕೊಂಡರು. ಸುಹೈಲಿಗಿಂತ ವೇಗದ ದೋಣಿಗಳು ಆ ಸ್ಪರ್ಧೆಯಲ್ಲಿದ್ದವು. ಸುಹೈಲಿ ಗೆದ್ದದ್ದು ಕೆಡದೆ ಇದ್ದುದರಿಂದ ಅಲ್ಲವೇ ಅಲ್ಲ. ಕೆಟ್ಟದ್ದನ್ನೆಲ್ಲ ಒಬ್ಬ ಮನುಷ್ಯ ಕೈಯಿಂದ ಬಿಚ್ಚಿ, ನೋಡಿ, ಮತ್ತೆ ಜೋಡಿಸಬಹುದಾಗಿತ್ತು. ಹಳೆಯ ಸಣ್ಣ ಹಾಯಿದೋಣಿಯ ರಿಪೇರಿಯ ಬಗ್ಗೆ ನನಗಿರುವ ತಕರಾರೆಲ್ಲ ಇಲ್ಲಿಂದಲೇ ಶುರು. ಯಾವ ಭಾಗ ಬಿಚ್ಚಲು ಬರುವುದಿಲ್ಲವೋ, ನೋಡಲು ಸಿಗುವುದಿಲ್ಲವೋ, ಕೈಕೊಡುವುದು ಅದೇ.

ಮುಂಬೈಯಲ್ಲಿ ಹಾಯಿದೋಣಿ ಎಂದರೆ ಬಹಳ ಮಂದಿ ಹುಬ್ಬೇರಿಸುತ್ತಾರೆ. ಸಿರಿವಂತರ ಚಟ ಎಂದು ಕೈಬೀಸಿಬಿಡುತ್ತಾರೆ. ಅಪೋಲೋ ಬಂದರಿನ ರಾಯಲ್ ಬಾಂಬೆ ಯಾಟ್ ಕ್ಲಬ್ಬಿಗೆ 1846ರಿಂದ ಇತಿಹಾಸವಿದೆ, ಹೌದು. ಆದರೆ ಕೊಲಾಬಾದಲ್ಲಿ ಸೇನೆ, ನೌಕಾಪಡೆಗಳ ತರಬೇತಿ ಕೇಂದ್ರಗಳೂ ಇವೆ. ಮಧ್ಯಮ ವರ್ಗದ ನಾಲ್ವರು ಸೇರಿ ಪಾಲಿನಲ್ಲಿ ಕೊಂಡ, ಕೈಯಿಂದ ಕೈಗೆ ದಾಟಿ ಬಂದ ಮುದಿ ದೋಣಿಗಳೂ ಇವೆ. 1982ರ ಏಷ್ಯನ್ ಕ್ರೀಡಾಕೂಟ ದೆಹಲಿಯದ್ದಾದರೂ ಹಾಯಿದೋಣಿ ಸ್ಪರ್ಧೆ ನಡೆದದ್ದು ಮುಂಬೈ ಬಂದರಿನಲ್ಲೇ. ಆಗ ‘ಎಂಟರ್‌ಪ್ರೈಸ್’ ಎಂಬ ನೀಲಿ ಹಾಯಿಯ ಪುಟ್ಟ ದೋಣಿಯಲ್ಲಿ ಚಿನ್ನ ಗೆದ್ದವರು ಪಾಕಿಸ್ತಾನದ ಬೈರಾಮ್ ಅವಾರಿ ಮತ್ತು ಗೋಷ್ಪಿ ಅವಾರಿ ದಂಪತಿ. ನಮ್ಮ ಕರಾವಳಿಯವರಿಗಂತೂ ಈ ಬಂದರು ಪರಕೀಯವಲ್ಲ. ಮಂಗಳೂರು ಹಂಚು ಹೇರಿಕೊಂಡ ಮಂಜಿ ಹಡಗುಗಳು ಹಾಯಿ ಬಿಚ್ಚಿ ಇಲ್ಲಿಗೇ ಬರುತ್ತಿದ್ದವು. ಕರಾವಳಿಯಿಂದ ಬಂದ ಮೊಗವೀರರು 1902ರಲ್ಲೇ ಇಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿದರು.

ಮುಂಬೈ ಬಂದರು ದೋಣಿಯ ಮಟ್ಟಿಗೆ ಕರುಣೆಯಿಲ್ಲದ ಜಾಗ. ನೀರು ವರ್ಷವಿಡೀ ಬೆಚ್ಚಗೆ. ಬಿಸಿ ಏರಿದಷ್ಟೂ ತುಕ್ಕಿನ ರಸಾಯನಕ್ರಿಯೆಗೆ ವೇಗ ಹೆಚ್ಚು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ–ಇಳಿತದ ಅಂತರ ನಾಲ್ಕೂವರೆ ಮೀಟರ್ ದಾಟುತ್ತದೆ. ಇಳಿತಕ್ಕೆ ಕೆಸರು, ಉಬ್ಬರಕ್ಕೆ ಸೆಳೆತ. ಬಿಸಿಲು ಹಾಯಿಯ ದಾರವನ್ನು ತಿನ್ನುತ್ತದೆ, ತೇವ ಬ್ಯಾಟರಿಯ ತುದಿಗಳನ್ನು ಹಸಿರಾಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ದಡದಲ್ಲಿ. ನಾರಳಿ ಪೂರ್ಣಿಮೆಗೆ ಕೋಳಿ ಸಮುದಾಯದ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮೀನಿಗೆ ಹೊರಡುತ್ತಾರೆ. ಮೋಜಿನ ಹಾಯಿಯವರು ಇನ್ನೂ ಒಂದೆರಡು ತಿಂಗಳು ಕಾಯುತ್ತಾರೆ. ಆ ಕಾಯುವ ಕಾಲವೇ ರಿಪೇರಿಯ ಕಾಲ.

ಮೊದಲು ಮೇಲೆ ನೋಡಬೇಕು. ಕೂವೆಕಂಬ ಒಂಟಿಯಾಗಿ ನಿಂತಂತೆ ಕಂಡರೂ ಅದನ್ನು ನಿಲ್ಲಿಸಿರುವುದು ನಾಲ್ಕಾರು ಉಕ್ಕಿನ ತಂತಿಹಗ್ಗಗಳು. ಸಾಮಾನ್ಯವಾಗಿ ಹತ್ತೊಂಬತ್ತು ಎಳೆಗಳನ್ನು ಹೊಸೆದ ಸ್ಟೇನ್‌ಲೆಸ್ ತಂತಿ. ಅದು ನಡುವೆ ತುಂಡಾಗುವುದು ಅಪರೂಪ. ತುದಿಯಲ್ಲಿ ತಂತಿಯನ್ನು ಲೋಹದ ಕೊಳವೆಯೊಳಗೆ ಒತ್ತಿ ಕೂರಿಸಿರುತ್ತಾರಲ್ಲ, ಅದಕ್ಕೆ ಸ್ವೇಜ್ ಎನ್ನುತ್ತಾರೆ, ಅಲ್ಲಿ ಉಪ್ಪುನೀರು ನಿಂತು ಒಳಗೊಳಗೇ ಕೊರೆಯುತ್ತದೆ. ಪತ್ತೆಗೆ ದುಬಾರಿ ಯಂತ್ರ ಬೇಡ. ಹತ್ತಿಯ ಉಂಡೆ ಹಿಡಿದು ತಂತಿಯುದ್ದಕ್ಕೂ ಸವರಿದರೆ, ಎಲ್ಲಿ ಎಳೆ ತುಂಡಾಗಿದೆಯೋ ಅಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೂ ಗೊತ್ತಾಗುತ್ತದೆ, ರಕ್ತ ಬರುತ್ತದೆ ಅಷ್ಟೆ. ಒಂದು ಎಳೆ ಹೋಗಿದ್ದರೂ ಆ ತಂತಿ ಬದಲಾಯಿಸುವುದೇ ದಾರಿ. ಹತ್ತು–ಹದಿನೈದು ವರ್ಷ ದಾಟಿದ್ದರೆ, ಕಣ್ಣಿಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ ಎನ್ನುತ್ತಾರೆ ಬಲ್ಲವರು. ನಮ್ಮ ನೀರಿನಲ್ಲಿ ನಾನು ಹತ್ತರ ಕಡೆಗೇ ವಾಲುತ್ತೇನೆ.

ತಂತಿಗಿಂತ ಮೋಸದ ಭಾಗ ಚೈನ್‌ಪ್ಲೇಟ್. ತಂತಿಯ ಬುಡವನ್ನು ದೋಣಿಯ ಮೈಗೆ ಕಟ್ಟಿಹಾಕುವ ದಪ್ಪ ಪಟ್ಟಿ ಅದು. ಡೆಕ್ಕನ್ನು ತೂರಿ ಒಳಗಿಳಿಯುತ್ತದೆ. ಮೇಲೆ ಫಳಫಳ, ಒಳಗೆ ಸಲೀಸು, ತೂರುವ ಆ ಒಂದಿಂಚಿನಲ್ಲಿ ಮಾತ್ರ ಸಾವು. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಆ ಪೊರೆ ಗಾಯವಾದಾಗಲೆಲ್ಲ ಗಾಳಿಯ ಆಮ್ಲಜನಕ ಹೀರಿ ಮತ್ತೆ ಕಟ್ಟಿಕೊಳ್ಳುತ್ತದೆ. ಸೀಲಂಟಿನಡಿ ನಿಂತ ಉಪ್ಪುನೀರಿನಲ್ಲಿ ಆಮ್ಲಜನಕವೇ ಇರುವುದಿಲ್ಲ. ಪೊರೆ ಹೋದರೆ ಹೋಯಿತು, ಲೋಹ ಬಿರುಕು ಬಿಡುತ್ತದೆ. ಹಾಗಾಗಿ ಚೈನ್‌ಪ್ಲೇಟನ್ನು ಕೆಲವು ವರ್ಷಕ್ಕೊಮ್ಮೆ ಹೊರಗೆಳೆದೇ ನೋಡಬೇಕು. ಬಿರುಕು ಹುಡುಕಲು ಮುಂಬೈಯ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ದಿನವೂ ಬಳಸುವ ‘ಡಿ.ಪಿ. ಟೆಸ್ಟ್’ ಸಾಕು: ಮೂರು ಸ್ಪ್ರೇ ಡಬ್ಬಿ. ಮೊದಲನೆಯದು ತೊಳೆಯಲು, ಎರಡನೆಯದು ಕೆಂಪು ಬಣ್ಣ, ಅದನ್ನು ಒರೆಸಿದ ಮೇಲೆ ಮೂರನೆಯದು ಬಿಳಿ ಪುಡಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ.

ಹೊಸ ಪಟ್ಟಿ ಮಾಡಿಸಲು ಹೊರಟರೆ ಗುಲಾಲ್‌ವಾಡಿ, ಕೀಕಾ ಸ್ಟ್ರೀಟಿನ ಲೋಹದ ಪೇಟೆ. ದಕ್ಷಿಣ ಮುಂಬೈಯ ಈ ಗಲ್ಲಿಗಳಲ್ಲಿ ಕೈಗಾಡಿಗಳ ನಡುವೆ ನುಸುಳುತ್ತ ಕೇಳಬೇಕಾದ್ದು ಒಂದೇ ಪ್ರಶ್ನೆ.

“ಶೇಠ್, ಮುನ್ನೂರ ಹದಿನಾರು ಇದೆಯಾ?”

“ನಮ್ಮಲ್ಲಿರುವುದೆಲ್ಲ ಮುನ್ನೂರ ಹದಿನಾರೇ.”

ಈ ಉತ್ತರ ಕೇಳಿದ ಕೂಡಲೇ ಮುಂದಿನ ಅಂಗಡಿಗೆ ನಡೆಯಬೇಕು. ಅಡುಗೆಮನೆಯ ಪಾತ್ರೆಗೆ 304 ದರ್ಜೆ ಸಾಕು. ಸಮುದ್ರಕ್ಕೆ 316 ಬೇಕು. ಅದರಲ್ಲಿ ಶೇಕಡ ಎರಡರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪಿನ ಕ್ಲೋರೈಡಿಗೆ ಎದುರು ನಿಲ್ಲುವುದು ಅದು. ಕಣ್ಣಿಗೆ ಎರಡೂ ಒಂದೇ. ಅಯಸ್ಕಾಂತ ಹಿಡಿದು ನೋಡುವ ಗಿರಾಕಿಗಳಿದ್ದಾರೆ. ಎರಡಕ್ಕೂ ಅದು ಹೆಚ್ಚುಕಡಿಮೆ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆಯಿಂದ ಈ ಭೇದ ತಿಳಿಯುವುದಿಲ್ಲ. ಮಾಲಿಬ್ಡಿನಂ ಪತ್ತೆಹಚ್ಚುವ ದ್ರಾವಣವೊಂದು ಸಿಗುತ್ತದೆ, ಹನಿ ಬಿಟ್ಟರೆ ಬಣ್ಣ ಬದಲಾಗುತ್ತದೆ. ಮರ್ಯಾದಸ್ಥ ಅಂಗಡಿಯವರು ಆ ಬಾಟಲಿಯನ್ನು ತಾವೇ ಮುಂದಿಡುತ್ತಾರೆ.

ಕೂವೆಕಂಬ ಬಿದ್ದ ಕಥೆಗಳಲ್ಲಿ ಎಷ್ಟೋ ಸಲ ಅಪರಾಧಿ ತಂತಿಯೂ ಅಲ್ಲ, ಪಟ್ಟಿಯೂ ಅಲ್ಲ, ಚಿಲ್ಲರೆ ಕಾಸಿನ ಒಂದು ಸ್ಪ್ಲಿಟ್ ಪಿನ್. ತಂತಿ ಬಿಗಿಯುವ ಟರ್ನ್‌ಬಕಲ್ ಅಲುಗಾಟಕ್ಕೆ ತಾನಾಗಿ ಸಡಿಲವಾಗದಂತೆ ತಡೆಯುವುದು ಈ ಪಿನ್. ಅದರ ಚೂಪು ತುದಿಗೆ ಟೇಪು ಸುತ್ತಿ ಮುಚ್ಚುವ ಅಭ್ಯಾಸ ಇದೆ, ಹಾಯಿ ಹರಿಯಬಾರದು ಎಂದು. ಟೇಪಿನೊಳಗೆ ನೀರು ನಿಂತು ಪಿನ್ ಕೊಳೆಯುತ್ತದೆ. ಎಲ್ಲವೂ ಸರಿಯಿದೆ ಎಂದು ಟೇಪು ಹೊರಗಿನಿಂದ ಸಾರುತ್ತಿರುತ್ತದೆ. ಟೇಪನ್ನು ಪ್ರತಿ ಹಂಗಾಮಿಗೂ ಕಿತ್ತೆಸೆಯುವುದು ಒಳ್ಳೆಯದು. ಸ್ಟೇನ್‌ಲೆಸ್ ತಿರುಪಿಗೆ ಸ್ಟೇನ್‌ಲೆಸ್ ನಟ್ಟು ಬಿಗಿಯುವಾಗ ಗ್ರೀಸು ಮರೆತರೆ ಎರಡೂ ಉಜ್ಜಿ ಒಂದಾಗಿ ಬೆಸೆದುಕೊಳ್ಳುತ್ತವೆ, ಆಮೇಲೆ ಗರಗಸವೇ ಗತಿ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ದಲ್ಲಿ ಇನ್ನೊಂದು ರಗಳೆ. ಉಪ್ಪುನೀರು ನಡುವೆ ಬಂದರೆ ಎರಡು ಬೇರೆ ಲೋಹಗಳು ಸೇರಿ ಒಂದು ಸಣ್ಣ ಬ್ಯಾಟರಿಯಾಗುತ್ತವೆ, ದುರ್ಬಲ ಲೋಹ ಕರಗುತ್ತದೆ. ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸ್ಕ್ರೂವನ್ನು ಕಚ್ಚಿಹಿಡಿಯುತ್ತದೆ. ನುಸುಳೆಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಬಿಸಿ ಕೊಟ್ಟು, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರಿನಿಂದ ಬಿಚ್ಚಬೇಕು. ತಿರುಗಿ ಹಾಕುವಾಗ ನಡುವೆ ತಡೆಪೇಸ್ಟ್ ಸವರಬೇಕು.

ಇದೇ ಬ್ಯಾಟರಿಯ ತತ್ವ ನೀರಿನಡಿ ಇನ್ನೂ ಅಪಾಯಕಾರಿ. ದೋಣಿಯ ತಳಕ್ಕೆ ಕಟ್ಟಿದ ಸತುವಿನ ಗಟ್ಟಿ ಉಳಿದ ಲೋಹಗಳ ಬದಲಿಗೆ ತಾನು ಕರಗುತ್ತದೆ. ಅರ್ಧ ಕರಗಿದಾಗ ಬದಲಿಸಬೇಕು. ಅದಕ್ಕೆ ಬಣ್ಣ ಬಳಿದು ಅಂದಗಾಣಿಸುವ ಪುಣ್ಯಾತ್ಮರಿದ್ದಾರೆ; ಬಣ್ಣ ಬಳಿದ ಸತು ಕೆಲಸವನ್ನೇ ಮಾಡುವುದಿಲ್ಲ. ತಳವನ್ನು ತೂರಿ ನೀರು ಒಳಗೆ–ಹೊರಗೆ ಮಾಡುವ ಕೊಳವೆಗಳಿಗೆ ಇರುವ ಕವಾಟವನ್ನು ಸೀಕಾಕ್ ಎನ್ನುತ್ತಾರೆ. ಅದು ಕಂಚಿನದಾಗಿರಬೇಕು. ನಲ್ಲಿ ಅಂಗಡಿಯ ಹಿತ್ತಾಳೆಯದನ್ನು ಹಾಕಿಬಿಟ್ಟರೆ, ಹಿತ್ತಾಳೆಯಲ್ಲಿರುವ ಸತು ವರ್ಷ ಕಳೆದಂತೆ ಸಮುದ್ರಕ್ಕೆ ಕರಗಿಹೋಗಿ ತಾಮ್ರದ ಪೊಳ್ಳು ಜರಡಿಯೊಂದು ಉಳಿಯುತ್ತದೆ. ಚಾಕುವಿನಿಂದ ಕೆರೆದು ನೋಡಿ: ಹಳದಿ ಕಂಡರೆ ಇನ್ನೂ ಜೀವವಿದೆ, ಗುಲಾಬಿ ಕಂಡರೆ ಅವತ್ತೇ ದೋಣಿ ಮೇಲೆತ್ತಬೇಕು. ಪ್ರತಿ ಸೀಕಾಕಿನ ಪಕ್ಕ ಅದರ ತೂತಿಗೆ ಹೊಂದುವ ಮರದ ಬೆಣೆಯನ್ನು ದಾರದಲ್ಲಿ ಕಟ್ಟಿ ತೂಗುಬಿಡುವುದು ಹಳೆಯ ಪದ್ಧತಿ. ಕವಾಟ ಮುರಿದು ನೀರು ಚಿಮ್ಮುವಾಗ ಕತ್ತಲಲ್ಲಿ ಹುಡುಕಬೇಕಾದ ವಸ್ತು ಅದೊಂದೇ.

ಮರದ ದೋಣಿಯಲ್ಲಿ ಮೊಳೆಯೇ ಒಂದು ಶಾಸ್ತ್ರ. ವಾಡಿಯಾ ಮನೆತನದವರು 1736ರಲ್ಲಿ ಸೂರತ್‌ನಿಂದ ಬಂದು ಮುಂಬೈಯಲ್ಲಿ ಹಡಗು ಕಟ್ಟತೊಡಗಿದಾಗ ಅವರ ಬಲ ತೇಗ. ಇಂಗ್ಲೆಂಡಿನ ಓಕ್ ಮರದಲ್ಲಿರುವ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಯುತ್ತದೆ. ಇಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಸುಹೈಲಿಯಲ್ಲೂ ಹಲಗೆಗಳನ್ನು ಹಿಡಿದಿದ್ದದ್ದು ಕಬ್ಬಿಣವೇ. ತೇಗ ಎಷ್ಟು ಕಾದರೂ ಕಬ್ಬಿಣಕ್ಕೆ ಆಯಸ್ಸಿನ ಮಿತಿ ಇದ್ದೇ ಇದೆ. ಅದಕ್ಕಿಂತ ವಿಚಿತ್ರ ಏಟು ಬಿದ್ದದ್ದು ದಡದಲ್ಲಿ. 1997ರಲ್ಲಿ ಸುಹೈಲಿಯನ್ನು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಒಳಗಿನ ಒಣ ಹವೆಗೆ ಹಲಗೆಗಳು ಕುಗ್ಗಿ ಸಂದಿ ಬಿಡತೊಡಗಿದವು. 2002ರಲ್ಲಿ ಅದನ್ನು ಹೊರತಂದು, ಮುಂದಿನ ವರ್ಷಗಳಲ್ಲಿ ನಾಕ್ಸ್-ಜಾನ್‌ಸ್ಟನ್ ತಾವೇ ಕೂತು ಕಬ್ಬಿಣ ಕಿತ್ತು ಸಿಲಿಕಾನ್ ಕಂಚಿನ ಬಂಧಗಳನ್ನು ಹಾಕಿದರು. ಅಂದಮೇಲೆ ನಮ್ಮ ಮರದ ದೋಣಿಯನ್ನೂ ಏಪ್ರಿಲ್–ಮೇ ಬಿಸಿಲಿನಲ್ಲಿ ಒಣಹಾಕಿ ವಾರಗಟ್ಟಲೆ ಬಿಡಬಾರದು. ಒದ್ದೆ ಗೋಣಿ ಹೊದಿಸಬೇಕು. ಮೊಳೆಯ ತಂಟೆಯೇ ಬೇಡ ಎನ್ನುವ ದಾರಿಯೂ ನಮ್ಮ ಕರಾವಳಿಯದ್ದೇ: 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ಕೌಂಡಿನ್ಯ ಎಂಬ ಹಾಯಿಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ.

ಮರಕ್ಕೆ ಏನು ಬಳಿಯುವುದು ಎಂದು ಕೇಳಿದರೆ ಅಂಗಡಿಯವರು ವಿದೇಶಿ ವಾರ್ನಿಷ್ ತೋರಿಸುತ್ತಾರೆ. ಉಡುಪಿ–ಮಂಗಳೂರು ಕಡೆಯ ಹಿರಿಯ ಮೀನುಗಾರರು ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಎನ್ನುತ್ತಾರೆ. ವಾಸನೆ ತಡೆದುಕೊಳ್ಳುವ ಶಕ್ತಿ ಇದ್ದರೆ ಎರಡನೆಯ ಸಲಹೆ ತೆಗೆದುಹಾಕುವಂಥದ್ದಲ್ಲ. ಮರಕೊರಕ ಹುಳುವಿಗೆ ಗೇರೆಣ್ಣೆ ಆಗಿಬರುವುದಿಲ್ಲ. ಕೈಗೆ ತಾಗಿದರೆ ನಮ್ಮ ಚರ್ಮಕ್ಕೂ ಆಗಿಬರುವುದಿಲ್ಲ, ಕೈಗವಸು ಬೇಕು.

ಇನ್ನು ಫೈಬರ್ ದೋಣಿಗಳು. ಇವುಗಳ ಡೆಕ್ ಬಹುಪಾಲು ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇಟ್ಟು ಮಾಡಿದ್ದು. ಡೆಕ್ಕಿಗೆ ಯಾವುದೋ ಕೊಕ್ಕೆ ಹಾಕಲು ತೂತು ಕೊರೆದವರು ಸೀಲಂಟು ಸವರಿ ಬಿಗಿದಿರುತ್ತಾರೆ. ಸೀಲಂಟು ಒಂದು ದಿನ ಸೋಲುತ್ತದೆ, ನೀರು ನಡುವಿನ ಮರಕ್ಕೆ ಇಳಿಯುತ್ತದೆ, ಮರ ಕೊಳೆಯುತ್ತದೆ. ಕಾಲಿಟ್ಟರೆ ಮೆತ್ತಗೆ ಬಗ್ಗುವ ಡೆಕ್ ಎಂದರೆ ಇದೇ. ನಾಣ್ಯದಿಂದ ತಟ್ಟುತ್ತ ಹೋದರೆ ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ಬೊದ್ದು ಸದ್ದು. ಸೋರುವ ಜಾಗ ಹುಡುಕುವುದು ಕಷ್ಟ, ಏಕೆಂದರೆ ನೀರು ಒಂದು ಕಡೆ ಇಳಿದು ಎರಡು ಮಾರು ದೂರ ತೊಟ್ಟಿಕ್ಕುತ್ತದೆ. ಒಳಗಿನಿಂದ ಬ್ಲೋವರ್ ಇಟ್ಟು ಗಾಳಿ ತುಂಬಿ, ಹೊರಗೆ ಸೋಪುನೀರು ಬಳಿದರೆ ಗುಳ್ಳೆ ಎದ್ದಲ್ಲೇ ಸೋರಿಕೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಷ್ಟೇ ಸರಳ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದರೆ ಮುಂದೆ ಸೀಲಂಟು ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ. ಬಾತ್‌ರೂಮಿನ ಸಿಲಿಕಾನ್ ಟ್ಯೂಬು ಹಿಂಡಿ ಹೋಗುವವರನ್ನು ಮಾತ್ರ ದೋಣಿಯ ಹತ್ತಿರ ಬಿಟ್ಟುಕೊಳ್ಳಬೇಡಿ. ಅದು ಹಿಡಿಯುವುದೂ ಇಲ್ಲ, ಅದರ ಜಿಡ್ಡಿನ ಮೇಲೆ ಮುಂದೆ ಬೇರೇನೂ ಹಿಡಿಯುವುದೂ ಇಲ್ಲ.

ಚುಕ್ಕಾಣಿ ಬಿಗಿಯಾಗಿದೆ ಎಂದರೆ ಗ್ರೀಸು ತುಂಬುವ ಮುನ್ನ ಬುಶ್ ಯಾವುದರದ್ದು ನೋಡಬೇಕು. ಲೇತಿನವರ ಬಳಿ ಸುಲಭಕ್ಕೆ ಸಿಗುವ ನೈಲಾನ್ ನೀರು ಹೀರಿ ಉಬ್ಬುತ್ತದೆ. ದಡದಲ್ಲಿ ಸಲೀಸಾಗಿ ತಿರುಗಿದ ಚುಕ್ಕಾಣಿ ನೀರಿನಲ್ಲಿ ವಾರ ಕಳೆದಾಗ ಹಟ ಹಿಡಿಯುತ್ತದೆ. ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ತಿರುವಿಸಿದರೆ ಈ ಕಾಟ ಇಲ್ಲ. ಚುಕ್ಕಾಣಿಯ ವಿಷಯದಲ್ಲಿ ಹೊಸ ದೋಣಿ, ಅನುಭವಿ ತಂಡ ಎಂಬ ರಿಯಾಯಿತಿಯೂ ಇಲ್ಲ. 2018ರಲ್ಲಿ ನೌಕಾಪಡೆಯ ಆರು ಮಹಿಳೆಯರು ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬರುವಾಗ ಸ್ಟೀರಿಂಗ್ ದೋಷಕ್ಕಾಗಿ ಯೋಜನೆಯಲ್ಲಿಲ್ಲದ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಅಭಿಲಾಷ್ ಟಾಮಿಯವರ ಅನುಭವ ಇನ್ನೂ ಕಟು. 2012ರ ನವೆಂಬರ್ 1ರಂದು ಮುಂಬೈಯಿಂದ ಮಾದೇಯಿ ಎಂಬ ಹಾಯಿದೋಣಿಯಲ್ಲಿ ಹೊರಟು, ಎಲ್ಲೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ ಅವರು. 2018ರಲ್ಲಿ ಸುಹೈಲಿಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ ತುರಿಯಾ ಎಂಬ ದೋಣಿಯಲ್ಲಿ ಗೋಲ್ಡನ್ ಗ್ಲೋಬ್ ಎಂಬ ಭೂಪ್ರದಕ್ಷಿಣೆ ಸ್ಪರ್ಧೆಗೆ ಹೋದಾಗ ಬಿರುಗಾಳಿಗೆ ಕೂವೆಕಂಬ ಮುರಿದು, ಬೆನ್ನು ಜಖಂ ಆಗಿ, ಫ್ರೆಂಚ್ ಹಡಗೊಂದು ಬಂದು ಕಾಪಾಡಬೇಕಾಯಿತು. 2022ರಲ್ಲಿ ಮತ್ತೆ ಹೋದರು, ಈ ಸಲ ಬಯಾನತ್ ಎಂಬ ಹಳೆಯ ದೋಣಿಯಲ್ಲಿ. ಗಾಳಿಯಿಂದ ನಡೆಯುವ ದಿಕ್ಕುಸಾಧನದ ಅಲಗು ಮುರಿದಾಗ ಅವರು ಕೈಹಾಕಿದ್ದು ದೋಣಿಯ ಶೌಚಾಲಯದ ಬಾಗಿಲಿಗೆ. ಅದನ್ನು ಕೊಯ್ದು ಹೊಸ ಅಲಗು ಮಾಡಿಕೊಂಡರು. 236 ದಿನಗಳ ಬಳಿಕ ಎರಡನೆಯವರಾಗಿ ಗುರಿ ಮುಟ್ಟಿದರು.

ಹಗ್ಗ ಸೆಳೆಯುವ ವಿಂಚ್ ಕರಕರ ಎನ್ನುವುದು ನಿಂತು ಹಿಮ್ಮುಖ ತಿರುಗಿದರೆ ಒಳಗಿನ ಪುಟ್ಟ ಹಲ್ಲುಗಳು ಗ್ರೀಸಿನಲ್ಲಿ ಅಂಟಿಕೊಂಡಿವೆ ಎಂದರ್ಥ. ಸೀಮೆಎಣ್ಣೆಯಲ್ಲಿ ತೊಳೆದು, ಗೇರಿಗೆ ಮಾತ್ರ ಗ್ರೀಸು, ಹಲ್ಲುಗಳಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಬಿಚ್ಚುವ ಮೊದಲು ರಟ್ಟಿನ ಪೆಟ್ಟಿಗೆಯ ತಳಕ್ಕೆ ವಿಂಚಿನ ಅಳತೆಯ ತೂತು ಕೊಯ್ದು ಸುತ್ತ ಕೂರಿಸಿ. ಸ್ಪ್ರಿಂಗ್ ಹಾರುವುದು ಖಚಿತ, ಪೆಟ್ಟಿಗೆಯಿಲ್ಲದಿದ್ದರೆ ಸಮುದ್ರಕ್ಕೇ. ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ದೀಪ ಮಂಕಾದರೆ ಬಲ್ಬು ಬದಲಿಸುವ ಮುನ್ನ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಲ್ಲೂ ದೀಪದ ಬುಡದಲ್ಲೂ ವೋಲ್ಟ್ ಅಳೆಯಿರಿ, ವ್ಯತ್ಯಾಸ ದೊಡ್ಡದಿದ್ದರೆ ನಡುವಿನ ಯಾವುದೋ ಜೋಡಣೆ ಹಸಿರಾಗಿದೆ. ತವರ ಲೇಪಿಸಿದ ತಾಮ್ರದ ತಂತಿ ಲೋಹಾರ್ ಚಾಳಿನಲ್ಲಿ ಹುಡುಕಿದರೆ ಸಿಗುತ್ತದೆ, ಹುಡುಕಬೇಕು.

ಔಟ್‌ಬೋರ್ಡ್ ಎಂಜಿನ್ ಹಾಯಿಯವರಿಗೆ ಮಲತಾಯಿಯ ಮಗು. ಗಾಳಿ ಸತ್ತು, ಇಳಿತ ಎದುರು ಹರಿಯುವ ಸಂಜೆ ಮಾತ್ರ ನೆನಪಾಗುತ್ತದೆ, ಆಗ ಅದು ಶುರುವಾಗುವುದಿಲ್ಲ. ಕಾರಣ ಹೆಚ್ಚಾಗಿ ಪೆಟ್ರೋಲು. ಈಗ ಪಂಪಿನಲ್ಲಿ ಸಿಗುವುದರಲ್ಲಿ ಶೇಕಡ ಇಪ್ಪತ್ತರಷ್ಟು ಎಥೆನಾಲ್. ಬೆಳಗಾವಿಯ ಕಬ್ಬಿಗೆ ಒಳ್ಳೆಯ ದಿನ ಬಂತೆಂದು ಸಂತೋಷಪಡೋಣ, ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಂಬೈಯ ಮಳೆಗಾಲದ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಹೀರಿದ ನೀರು ಮತ್ತು ಎಥೆನಾಲ್ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಮೊದಲು ಹೀರುವುದು ತಳದಿಂದಲೇ. ಹಳೆಯ ಎಂಜಿನ್ನುಗಳ ರಬ್ಬರ್ ನಳಿಕೆಗಳು ಎಥೆನಾಲಿಗೆ ಮೆತ್ತಗಾಗಿ ಅವುಗಳ ಚೂರುಗಳು ಕಾರ್ಬ್ಯುರೇಟರಿನ ಸಣ್ಣ ರಂಧ್ರದಲ್ಲಿ ಕೂರುತ್ತವೆ. ಹಾಗಾಗಿ ದೋಣಿ ಮೇಲೆತ್ತುವ ದಿನ ಟ್ಯಾಂಕಿನ ನಳಿಕೆ ಕಳಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಬೇಕು. ನೀರನ್ನೂ ಪೆಟ್ರೋಲನ್ನೂ ಬೇರೆ ಮಾಡುವ ಫಿಲ್ಟರ್ ಹಾಕಿಸಬೇಕು. ಹೊಸ ಹಂಗಾಮಿಗೆ ಹೊಸ ಪೆಟ್ರೋಲು.

ಎಂಜಿನ್ ಓಡುವಾಗ ಹಿಂದಿನಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರುತ್ತದೆ. ಧಾರೆ ನಿಂತರೆ ಎಂಜಿನ್ ತಣಿಯುತ್ತಿಲ್ಲ, ಕೂಡಲೇ ಆರಿಸಬೇಕು. ಪುಸ್ತಕಗಳು ಇಂಪೆಲ್ಲರ್ ಸವೆದಿದೆ ಎನ್ನುತ್ತವೆ. ಮುಂಬೈ ಬಂದರಿನಲ್ಲಿ ಮೊದಲು ನೋಡಬೇಕಾದ್ದು ಹಾಲಿನ ಪ್ಯಾಕೆಟ್ಟು: ನೀರು ಸೇದುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿ ಕೂತಿರುತ್ತದೆ. ಅದನ್ನು ಕಿತ್ತ ಮೇಲೂ ಧಾರೆ ಬರದಿದ್ದರೆ ಆಗ ಇಂಪೆಲ್ಲರ್. ಪ್ರತಿ ಬಾರಿ ಮರಳಿದ ಮೇಲೆ ಹತ್ತು ನಿಮಿಷ ಸಿಹಿನೀರಿನಲ್ಲಿ ಓಡಿಸಿದರೆ ಒಳಗೆ ಉಪ್ಪು ಕಟ್ಟುವುದಿಲ್ಲ.

ಲಂಗರು ಮತ್ತು ಕಟ್ಟುಸರಪಳಿಯ ಕಥೆ ಕೆಸರಿನಲ್ಲಿ ಅಡಗಿರುತ್ತದೆ. ಉಬ್ಬರ–ಇಳಿತಕ್ಕೆ ದೋಣಿ ದಿನಕ್ಕೆ ನಾಲ್ಕು ಬಾರಿ ತಿರುಗುತ್ತದೆ, ಸರಪಳಿಯ ಒಂದೇ ಭಾಗ ನೆಲಕ್ಕೆ ಉಜ್ಜುತ್ತದೆ. ಸವೆತ ಅಲ್ಲೇ. ಶ್ಯಾಕಲ್ಲಿನ ಪಿನ್ ತಿರುಗಿ ಬಿಚ್ಚದಂತೆ ತಂತಿ ಸುತ್ತಿ ಕಟ್ಟುವುದನ್ನು ಸಸೂನ್ ಡಾಕಿನ ಮೀನುದೋಣಿ ನಡೆಸುವ ಯಾವ ತಾಂಡೇಲನೂ ಮರೆಯುವುದಿಲ್ಲ. ದುಡ್ಡು ಉಳಿಸಲು ದಾರೂಖಾನಾಕ್ಕೆ ಹೋಗಬಹುದು. ರೇ ರೋಡ್ ನಿಲ್ದಾಣದಿಂದ ಸಮುದ್ರದ ಕಡೆ ನಡೆದರೆ ಒಡೆದ ಹಡಗುಗಳ ಸಾಮಾನು ರಾಶಿ ಬಿದ್ದಿರುತ್ತದೆ: ಸರಪಳಿ, ಹಗ್ಗದ ಸುರುಳಿ, ಕಂಚಿನ ಕವಾಟ, ಹಿತ್ತಾಳೆ ದೀಪ. ಸರಪಳಿ, ಶ್ಯಾಕಲ್, ಕಂಚು ಇಲ್ಲಿ ಧಾರಾಳವಾಗಿ ಕೊಳ್ಳಿ, ಏಕೆಂದರೆ ಅವುಗಳ ಆರೋಗ್ಯ ಕಣ್ಣಿಗೆ ಕಾಣುತ್ತದೆ. ಹಗ್ಗ, ಲೈಫ್ ಜಾಕೆಟ್, ತಂತಿ ಬೇಡ; ಅವು ಎಷ್ಟು ಬಿಸಿಲು ಕಂಡಿವೆ, ಎಷ್ಟು ಭಾರ ಎಳೆದಿವೆ ಎಂಬುದನ್ನು ಹೊರಮೈ ಹೇಳುವುದಿಲ್ಲ.

ತಳಕ್ಕೆ ಹತ್ತುವ ಚಿಪ್ಪುಜೀವಿಗಳನ್ನು ಕೆರೆಯುವುದು ಬೆನ್ನು ಮುರಿಯುವ ಕೆಲಸ. ದೋಣಿ ಮೇಲೆ ಬಂದ ದಿನ, ಒದ್ದೆಯಿರುವಾಗಲೇ ಕೆರೆದರೆ ಅರ್ಧ ಶ್ರಮ. ಒಣಗಿದರೆ ಸಿಮೆಂಟು. ಅವು ಹತ್ತದಂತೆ ಬಳಿಯುವ ಬಣ್ಣವನ್ನು ಮಾತ್ರ ಆತುರಪಟ್ಟು ಮೇ ತಿಂಗಳಲ್ಲೇ ಬಳಿಯಬೇಡಿ, ಬಹುತೇಕ ಬಣ್ಣಗಳಿಗೆ ನೀರಿಗಿಳಿಸುವ ಮುನ್ನ ಇಷ್ಟೇ ದಿನ ಎಂಬ ಗಡುವಿರುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ.

ಕೊನೆಯದು ಹಾಯಿ. ಬಟ್ಟೆಗಿಂತ ಮೊದಲು ಸಾಯುವುದು ಹೊಲಿಗೆ. ಉಗುರಿನಿಂದ ದಾರವನ್ನು ಕೆರೆದಾಗ ಪುಡಿಯಾದರೆ ಇಡೀ ಹೊಲಿಗೆಯ ಮೇಲೆ ಇನ್ನೊಂದು ಅಂಕುಡೊಂಕು ಹೊಲಿಗೆ ಓಡಿಸಬೇಕು, ಬಿಸಿಲು ತಾಳುವ ಪಾಲಿಯೆಸ್ಟರ್ ದಾರದಲ್ಲಿ. ಹಳೆಯ ಹೊಲಿಗೆಯ ತೂತುಗಳನ್ನೇ ಹಿಡಿದು ಕೈಯಿಂದಲೂ ಹಾಕಬಹುದು. ಕ್ಯಾನ್ವಾಸ್ ಟಾರ್ಪಾಲ್ ಹೊಲಿಯುವವರ ಗಟ್ಟಿ ಯಂತ್ರವಾದರೆ ಒಂದು ಮಧ್ಯಾಹ್ನದ ಕೆಲಸ. ಮೃಗಶಿರಾ ಮಳೆ ಹಿಡಿಯುವ ಮುನ್ನ ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮಡಿಚದೆ ಸುತ್ತಿ ಇಡಬೇಕು. ಉಪ್ಪು ಉಳಿದರೆ ಅದು ಗಾಳಿಯ ತೇವ ಎಳೆದು ಬೂಷ್ಟು ಹಿಡಿಯುತ್ತದೆ. ನೆಲದ ಮೇಲೆ ಬೇಡ, ಮಾಡಿನ ಜಂತಿಗೆ ಎರಡು ತಂತಿಯಲ್ಲಿ ತೂಗುಹಾಕಿ, ಪ್ರತಿ ತಂತಿಯ ನಡುವೆ ಒಂದು ತಗಡಿನ ಬಿಲ್ಲೆ ಪೋಣಿಸಿ. ಕೊಲಾಬಾದ ಗೋದಾಮಿನ ಇಲಿಗೆ ನಾಲ್ಕು ತಿಂಗಳ ಮಳೆಯಲ್ಲಿ ಹಾಯಿಗಿಂತ ಒಳ್ಳೆಯ ಬಾಣಂತಿಕೋಣೆ ಬೇರೆ ಸಿಗುವುದಿಲ್ಲ, ಬಿಲ್ಲೆ ಇದ್ದರೆ ಅದು ತಂತಿ ಹಿಡಿದು ಇಳಿಯಲಾರದು.